ಆ ಹಾಡು ಲೆಕ್ಕಕ್ಕಿಲ್ಲವಂತೆ!

ಮೊನ್ನೆ ನಮ್ಮ ಹಳೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಣ್ಣ ಜಗಳ ಆಯ್ತು. ಸಣ್ಣದು ಅಂತ ಅವರು ಹೇಳ್ತಾರೆ. ನನಗೆ ಎರಡು ರಾತ್ರಿ ಸರಿ ನಿದ್ದೆ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ವಿಷಯ ಐರನ್ ಮೇಡನ್. ಗೊತ್ತಿಲ್ಲದವರಿಗೆ ಒಂದು ಮಾತು: 1975ರ ಕೊನೆಗೆ ಲಂಡನ್ನಿನಲ್ಲಿ ಸ್ಟೀವ್ ಹ್ಯಾರಿಸ್ ಎಂಬ ಬೇಸ್ ಗಿಟಾರಿನವನು ಕಟ್ಟಿದ ಹೆವಿ ಮೆಟಲ್ ಬ್ಯಾಂಡು ಅದು. ಐವತ್ತು ವರ್ಷ ತುಂಬಿದ ಲೆಕ್ಕದಲ್ಲಿ 2025ರ ಮೇ ತಿಂಗಳಲ್ಲಿ ಬುಡಾಪೆಸ್ಟಿನಿಂದ ಒಂದು ದೊಡ್ಡ ತಿರುಗಾಟ ಶುರು ಮಾಡಿದರು. ಹಾಡುವುದು ಮೊದಲ ಒಂಬತ್ತು ಆಲ್ಬಮ್ಮುಗಳ ಹಾಡುಗಳನ್ನು ಮಾತ್ರ. ಅಂದರೆ 1980ರಿಂದ 1992ರವರೆಗಿನದ್ದು. ಅಲ್ಲಿಂದ ಈಚೆಗೆ ಮಾಡಿದ್ದು ಒಂದೂ ಇಲ್ಲ!

ಇದನ್ನು ಗುಂಪಿನಲ್ಲಿ ಹಾಕಿದ ಗೆಳೆಯನಿಗೆ ಖುಷಿಯೋ ಖುಷಿ. 'ಕೊನೆಗೂ ಬುದ್ಧಿ ಬಂತು, 2000ದ ಮೇಲಿನದ್ದೆಲ್ಲ ಲೆಕ್ಕಕ್ಕಿಲ್ಲ, ಅದು ಕಮ್‌ಬ್ಯಾಕ್ ಸರಕು' ಅಂತ ಬರೆದ. ಹತ್ತು ಜನ ಹೆಬ್ಬೆರಳು ಎತ್ತಿದರು. ನಾನು ಎತ್ತಲಿಲ್ಲ. ಆ 'ಕಮ್‌ಬ್ಯಾಕ್ ಸರಕು' ನಿನ್ನ ಅಪ್ಪನ ಮನೆಯದ್ದಾ ಅಂತ ಟೈಪ್ ಮಾಡಿ, ಅಳಿಸಿ, ಫೋನು ಮಗುಚಿಟ್ಟೆ. ಯಾಕಂದ್ರೆ ಅದು ಹೆಚ್ಚು ಕಡಿಮೆ ನನ್ನ ಅಪ್ಪನ ವಿಷಯವೇ ಆಗಿತ್ತು.

ಮೊದಲು ಬ್ಯಾಂಡಿನ ಕಥೆ ಮುಗಿಸುತ್ತೇನೆ. ಇವರ ಮುಖ್ಯ ಹಾಡುಗಾರ ಬ್ರೂಸ್ ಡಿಕಿನ್ಸನ್ 1993ರಲ್ಲಿ ಬಿಟ್ಟು ಹೋದ. ಗಿಟಾರಿನ ಏಡ್ರಿಯನ್ ಸ್ಮಿತ್ ಅವನಿಗಿಂತ ಮೊದಲೇ, 1990ರಲ್ಲಿ ಹೋಗಿಯಾಗಿತ್ತು. ಬ್ಲೇಜ್ ಬೇಲಿ ಅಂತ ಇನ್ನೊಬ್ಬನನ್ನು ತಂದು 1995ರಲ್ಲಿ ಒಂದು, 1998ರಲ್ಲಿ ಒಂದು ಆಲ್ಬಮ್ ಮಾಡಿದರು. ಜನ ಹಿಂದಿನ ಹಾಗೆ ಬರಲಿಲ್ಲ. 1999ರಲ್ಲಿ ಬ್ರೂಸೂ ಏಡ್ರಿಯನ್ನೂ ಒಟ್ಟಿಗೆ ವಾಪಸು ಬಂದರು. 2000ದ ಮೇ ಕೊನೆಯಲ್ಲಿ ಹನ್ನೆರಡನೆಯ ಆಲ್ಬಮ್ ಬಂತು, 'ಬ್ರೇವ್ ನ್ಯೂ ವರ್ಲ್ಡ್'. ಅದರ ಮೊದಲ ಹಾಡು 'ದ ವಿಕರ್ ಮ್ಯಾನ್' ಬ್ರಿಟನ್ನಿನ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನಕ್ಕೆ ಏರಿತು. ನಮ್ಮ ಗೆಳೆಯ 'ಸರಕು' ಅನ್ನುವುದು ಇದನ್ನೇ.

ಈಗ ನನ್ನ ಕಥೆ. ನಮ್ಮ ಮನೆ ಬಂಟ್ವಾಳ ತಾಲೂಕು, ಸಿದ್ದಕಟ್ಟೆಯಿಂದ ಒಳಗೆ ಎರಡು ಮೈಲು. ನಾನು ಹುಟ್ಟಿದ್ದು 1982ರಲ್ಲಿ. 'ದ ನಂಬರ್ ಆಫ್ ದ ಬೀಸ್ಟ್' ಬಂದದ್ದೂ ಅದೇ ವರ್ಷ. ನಮ್ಮ ಮನೆಗೆ ಕರೆಂಟು ಬಂದದ್ದು 1991ರಲ್ಲಿ! ಆ ಹಾಡನ್ನು ಆ ಕಾಲದಲ್ಲೇ ಕೇಳಬೇಕಿದ್ದರೆ ನಮಗೆ ಚಿಮಿಣಿ ಎಣ್ಣೆಯಲ್ಲಿ ಓಡುವ ಟೇಪ್ ರೆಕಾರ್ಡರ್ ಬೇಕಿತ್ತು. ಅಮ್ಮ ಚಿಮಿಣಿ ದೀಪ ಇಟ್ಟುಕೊಂಡು ರಾತ್ರಿ ಹತ್ತರವರೆಗೆ ಬೀಡಿ ಕಟ್ಟುತ್ತಿದ್ದಳು. ಅಪ್ಪ ಖಾಸಗಿ ಬಸ್ಸಿನ ಡ್ರೈವರು. ಮೂಡಬಿದಿರೆಯಿಂದ ಹೊರಟು ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ. ಅಲ್ಲಿಂದ ವಾಪಸು. ದಿನಕ್ಕೆ ಆರು ಟ್ರಿಪ್ಪು.

ಅಪ್ಪನ ಬಸ್ಸಿನಲ್ಲಿ ಯಾವಾಗಲೂ ಯಕ್ಷಗಾನದ ಕ್ಯಾಸೆಟ್ಟು. ಬಲಿಪ ನಾರಾಯಣ ಭಾಗವತರು ಅಂದ್ರೆ ಅವರಿಗೆ ಪ್ರಾಣ. ಭಾಗವತರ ಮನೆ ಮೂಡಬಿದಿರೆ ಹತ್ತಿರದ ಮಾರೂರಿನಲ್ಲಿ. ಅವರು ರಸ್ತೆ ಬದಿ ಕಂಡರೆ ಸ್ಟಾಪ್ ಇಲ್ಲದಿದ್ದರೂ ಅಪ್ಪ ಬಸ್ಸು ನಿಲ್ಲಿಸುತ್ತಿದ್ದರಂತೆ. ಕಂಡಕ್ಟರ್ ಹೇಳಿದ್ದು ಇದು, ಎಷ್ಟು ಸತ್ಯವೋ! ಕಟೀಲು ಮೇಳದ ಆಟ ಎಂಟು ಮೈಲಿ ಒಳಗೆ ಎಲ್ಲಿದ್ದರೂ ನಮ್ಮನ್ನು ಚಾಪೆ ಸಮೇತ ಕರೆದುಕೊಂಡು ಹೋಗುತ್ತಿದ್ದರು.

ಬೆಳ್ತಂಗಡಿಯಲ್ಲಿ ನನ್ನ ಸೋದರತ್ತೆಯ ಮನೆ. ಅತ್ತೆಯ ಮಗ, ನಮ್ಮ ಭಾವ, ದುಬೈಯಲ್ಲಿದ್ದ. 2000ದ ಕೊನೆಗೆ ರಜೆಯಲ್ಲಿ ಬಂದಾಗ ಎಲ್ಲರಿಗೂ ಸಾಬೂನು, ಸೆಂಟು, ಟೈಗರ್ ಬಾಮು ಹಂಚಿದ. ನನಗೆ ಒಂದು ಕ್ಯಾಸೆಟ್ಟು ಕೊಟ್ಟ. ಅವನಿಗೆ ಐರನ್ ಮೇಡನ್ನೂ ಗೊತ್ತಿಲ್ಲ, ಎಂಥದೂ ಗೊತ್ತಿಲ್ಲ. 'ಅಂಗಡಿಯವನತ್ರ ಕಾಲೇಜು ಹುಡುಗರಿಗೆ ಆಗುವಂಥದ್ದು ಕೊಡು ಅಂದೆ ಮಾರಾಯ, ಇದು ಹೊಸದು ಬಂದದ್ದು ಅಂತ ಕೊಟ್ಟ' ಅಂದ. ಮೋಡದ ಮೇಲೆ ಭೂತದ ಮುಖ ಇರುವ ಚಿತ್ರ. ಅತ್ತೆ ನೋಡಿ 'ಇದನ್ನು ದೇವರ ಕೋಣೆ ಹತ್ರ ಇಡಬೇಡ' ಅಂದಳು.

ನಾನಾಗ ಮೂಡಬಿದಿರೆಯಲ್ಲಿ ಡಿಗ್ರಿ ಎರಡನೇ ವರ್ಷ. ಮೊದಲ ಸಲ ಕೇಳಿದಾಗ ಒಂದು ಶಬ್ದವೂ ತಿಳಿಯಲಿಲ್ಲ, ಕನ್ನಡ ಮಾಧ್ಯಮದವನಲ್ವಾ! ಆದರೆ ಆ ಏರು ಶ್ರುತಿ, ಆ ಅಬ್ಬರ ನನಗೆ ಪರಕೀಯ ಅನಿಸಲಿಲ್ಲ. ಚೌಕಿಯ ಹಿಂದೆ ಮಲಗಿ ನಿದ್ದೆಗಣ್ಣಲ್ಲಿ ಚೆಂಡೆ ಪೆಟ್ಟಿಗೆ ಎದ್ದು ಕೂತು ಬೆಳೆದವನಿಗೆ ಹೆವಿ ಮೆಟಲ್ ಗದ್ದಲ ಅನಿಸೀತೇ? ಬೆಂಗಳೂರಿಗೆ ಬಂದ ಮೇಲೆ ಕೆಲವರು 'ಕರಾವಳಿ ಹುಡುಗರಿಗೆ ಈ ರಾಕು ಹೇಗೆ ಹಿಡಿಸ್ತು' ಅಂತ ಕೇಳುತ್ತಿದ್ದರು. ಬೆಳಗಿನ ಜಾವ ಮೂರು ಗಂಟೆಗೆ ಮಹಿಷಾಸುರ ರಾಳದ ಬೆಂಕಿ ಹಾರಿಸಿಕೊಂಡು ಸಭೆಯ ನಡುವಿನಿಂದ ಬರುವುದನ್ನು ಒಮ್ಮೆ ನೋಡಿ, ಆಮೇಲೆ ಈ ಪ್ರಶ್ನೆ ಕೇಳಿ ಅನ್ನುತ್ತಿದ್ದೆ.

ಮನೆಯಲ್ಲಿ ಅಪ್ಪ ಒಂದು ದಿನ 'ಇದು ಎಂಥ ಬೊಬ್ಬೆ?' ಅಂತ ಕೇಳಿದರು. (ನಮ್ಮ ಮನೆ ಮಾತು ತುಳು, ಇಲ್ಲಿ ಕನ್ನಡ ಮಾಡಿದ್ದೇನೆ.) ನಾನು ಮೇಳದ ಭಾಷೆಯಲ್ಲೇ ಹೇಳಿದೆ. 'ಇವರ ಮುಖ್ಯ ಭಾಗವತ ಮೇಳ ಬಿಟ್ಟು ಹೋಗಿದ್ದ. ಆರು ವರ್ಷದ ಮೇಲೆ ವಾಪಸು ಬಂದದ್ದು. ಬಂದ ಮೇಲಿನ ಪದ ಇದು.'

ಅಪ್ಪನ ಮುಖ ತಕ್ಷಣ ಬದಲಾಯಿತು. ಈಗ ವಿಷಯ ಅವರಿಗೆ ಗೊತ್ತಿರುವ ಜಾಗಕ್ಕೆ ಬಂತಲ್ಲ!

'ಶಾರೀರ ಉಂಟಾ ಇನ್ನೂ?'

'ಉಂಟು, ಕೇಳಿ.'

ಕೇಳಿದರು. 'ಉಂಟು' ಅಂದರು. ಆಮೇಲೆ 'ಅವನು ಇಲ್ಲದಾಗ ಹಾಡಿದವ ಎಲ್ಲಿಗೆ ಹೋದ?' ಅಂದರು.

'ಅವನನ್ನು ಕಳಿಸಿದ್ರು.'

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಪಾಪ' ಅಂದರು. ಅಪ್ಪ ಖಾಯಂ ಆಗುವ ಮೊದಲು ಎಂಟು ವರ್ಷ ಬದಲಿ ಡ್ರೈವರ್ ಆಗಿದ್ದವರು. ಬೇರೆಯವರು ರಜೆ ಹಾಕಿದ ದಿನ ಮಾತ್ರ ನಮ್ಮ ಮನೆಗೆ ಮೀನು.

ಗಿಟಾರಿನವರ ಕಥೆ ಕೇಳಿ ಸ್ವಲ್ಪ ಸಮಾಧಾನ ಆಯ್ತು ಅವರಿಗೆ. ಹಳೆಯ ಏಡ್ರಿಯನ್ ಬಂದಾಗ, ಅವನ ಜಾಗದಲ್ಲಿದ್ದ ಯಾನಿಕ್ ಗರ್ಸ್‌ನನ್ನು ಬಿಡಿಸಲಿಲ್ಲ. ಮೊದಲಿನಿಂದ ಇದ್ದ ಡೇವ್ ಮರ್ರೆಯೂ ಸೇರಿ ಮೂರು ಗಿಟಾರು ಆಯಿತು. 'ಇದ್ದವನನ್ನು ಕಳಿಸಲಿಲ್ಲ ಅಲ್ವಾ? ಹಾಗಾದ್ರೆ ಯಜಮಾನ ಪೂರ್ತಿ ಕೆಟ್ಟವ ಅಲ್ಲ.' ಇದು ಸ್ಟೀವ್ ಹ್ಯಾರಿಸ್ ಬಗ್ಗೆ ನಮ್ಮಪ್ಪ ಕೊಟ್ಟ ಸರ್ಟಿಫಿಕೇಟು :)

2001ರ ಜನವರಿಯಲ್ಲಿ ರಿಯೊದಲ್ಲಿ ಬ್ರೂಸ್ ಆ ಬ್ಲೇಜ್ ಬೇಲಿ ಕಾಲದ ಎರಡು ಹಾಡುಗಳನ್ನೂ ಹಾಡಿದ, ಅದರ ಲೈವ್ ಆಲ್ಬಮ್ 2002ರಲ್ಲಿ ಬಂತು. ಬದಲಿಯವನ ಪದವನ್ನು ಮುಖ್ಯ ಭಾಗವತ ಹೇಳಿದ್ದು ಅಪ್ಪನಿಗೆ ಹೇಳಬೇಕಿತ್ತು. ಆ ಆಲ್ಬಮ್ ನನ್ನ ಕೈಗೆ ಸಿಗುವಾಗ ತಡ ಆಗಿತ್ತು.

ಆ ಕ್ಯಾಸೆಟ್ಟಿನ ನಾಲ್ಕನೆಯ ಹಾಡು 'ಬ್ಲಡ್ ಬ್ರದರ್ಸ್'. ಏಳು ನಿಮಿಷದ್ದು. 2001ರ ಮಳೆಗಾಲದಲ್ಲಿ ಒಂದು ಸಂಜೆ ಅತ್ತೆಯ ಮನೆಯಿಂದ ಅಪ್ಪನ ಕೊನೆಯ ಟ್ರಿಪ್ಪಿನಲ್ಲಿ ಬರುತ್ತಿದ್ದೆ. ಗುರುವಾಯನಕೆರೆಯಲ್ಲಿ ಹೆಚ್ಚಿನವರೆಲ್ಲ ಇಳಿದರು. ಬಸ್ಸಿನಲ್ಲಿ ಆರೇಳು ಜನ. ಯಕ್ಷಗಾನದ ಕ್ಯಾಸೆಟ್ಟು ಮುಗಿದಿತ್ತು. ಅಪ್ಪ ಹಿಂದೆ ತಿರುಗದೆ ಕೈ ಚಾಚಿ 'ನಿನ್ನ ಬೊಬ್ಬೆ ಉಂಟಾ? ಕೊಡು' ಅಂದರು!

ಮೊದಲ ಹಾಡಿಗೆ ಹಿಂದಿನ ಸೀಟಿನ ಅಜ್ಜರೊಬ್ಬರು ಎಚ್ಚರಾಗಿ, 'ಎಂಥ ಡ್ರೈವರೇ, ಮಹಿಷಾಸುರ ಬಂದನಾ?' ಅಂದರು.

'ಬಂದದ್ದಲ್ಲ ಮಾರಾಯ್ರೆ, ಹೋದವ ವಾಪಸು ಬಂದದ್ದು' ಅಂದರು ಅಪ್ಪ.

ವೇಣೂರಿನ ಹತ್ತಿರ ಬರುವಾಗ ನಾಲ್ಕನೆಯ ಹಾಡು. ಹೊರಗೆ ಧೋ ಅಂತ ಮಳೆ, ವೈಪರ್ ಒಂದೇ ಬದಿ ಕೆಲಸ ಮಾಡುವುದು. ಅಪ್ಪ ಸ್ಟೇರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕಲು ಶುರು ಮಾಡಿದರು. 'ಇದು ನಮ್ಮ ರೂಪಕದ ಹಾಗೆ ಉಂಟು' ಅಂದರು. ಆರು ಅಕ್ಷರದ ರೂಪಕ. ನಾನು ಆವರೆಗೆ ಎಣಿಸಿರಲೇ ಇಲ್ಲ. ಎಣಿಸಿ ನೋಡಿದರೆ ಹೌದು! ಕುಣಿಯಲಿಕ್ಕೆ ಆಗುವ, ತೂಗಾಡುವ ನಡೆ. ಇಂಗ್ಲಿಷ್ ಒಂದಕ್ಷರ ಬಾರದ ಮನುಷ್ಯ ಎರಡು ನಿಮಿಷದಲ್ಲಿ ಹಿಡಿದದ್ದನ್ನು, ಆರು ತಿಂಗಳು ಅದನ್ನೇ ಕೇಳಿದ ನಾನು ಹಿಡಿದಿರಲಿಲ್ಲ.

'ಇದರ ಅರ್ಥ ಎಂಥ?' ಅಂತ ಕೇಳಿದರು. ನನಗೆ ಶೀರ್ಷಿಕೆ ಬಿಟ್ಟು ಹೆಚ್ಚೇನೂ ತಿಳಿದಿರಲಿಲ್ಲ. 'ಅಣ್ಣತಮ್ಮಂದಿರ ಹಾಡು' ಅಂದೆ.

'ಅಣ್ಣತಮ್ಮಂದಿರು ಅಂದ್ರೆ? ಜಾಗದ ತಕರಾರಾ?'

ಕಂಡಕ್ಟರ್ ನಕ್ಕ, ನಾನೂ ನಕ್ಕೆ. ಮೂಡಬಿದಿರೆ ಬಂತು.

2003ರ ಜೂನಿನಲ್ಲಿ ಅಪ್ಪ ತೀರಿಕೊಂಡರು. ಡ್ಯೂಟಿ ಮುಗಿಸಿ ಬಂದು, ಸ್ನಾನ ಮಾಡಿ, ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತವರು. ಅಷ್ಟೇ. ಐವತ್ತೊಂದು ವರ್ಷ.

ಮರುವರ್ಷ ಬೆಂಗಳೂರಲ್ಲಿ ಕೆಲಸ ಹುಡುಕುತ್ತಾ ಸೈಬರ್ ಕೆಫೆಯಲ್ಲಿ ಬಯೋಡಾಟಾ ಕಳಿಸಿ, ಉಳಿದ ಹದಿನೈದು ನಿಮಿಷ ವೇಸ್ಟ್ ಮಾಡಬಾರದು ಅಂತ ಈ ಬ್ಯಾಂಡಿನ ಬಗ್ಗೆ ಓದುತ್ತಿದ್ದೆ. ಆಗ ಗೊತ್ತಾದದ್ದು. 'ಬ್ಲಡ್ ಬ್ರದರ್ಸ್' ಸ್ಟೀವ್ ಹ್ಯಾರಿಸ್ ತನ್ನ ತೀರಿಕೊಂಡ ಅಪ್ಪನನ್ನು ನೆನೆದು ಬರೆದ ಹಾಡಂತೆ. ಅಣ್ಣತಮ್ಮಂದಿರದ್ದಲ್ಲ, ಅಪ್ಪನ ಹಾಡು. ಸೈಬರಿನವನು ಬಂದು 'ಟೈಮ್ ಆಯ್ತು ಸಾರ್' ಅನ್ನುವವರೆಗೆ ಸ್ಕ್ರೀನ್ ನೋಡುತ್ತಾ ಕೂತಿದ್ದೆ.

ಈಗ ಹೇಳಿ, ಇದು ಸರಕಾ?

ನಮ್ಮ ಗೆಳೆಯರ ವಾದ ಏನು ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಮೊದಲಿನದ್ದರಲ್ಲಿ ಹಸಿವು ಇತ್ತು, ಆಮೇಲಿನದ್ದರಲ್ಲಿ ಹೊಟ್ಟೆ ತುಂಬಿದೆ, ಹಾಡುಗಳು ಉದ್ದ, ಹೇಳಿದ್ದನ್ನೇ ಹೇಳ್ತಾರೆ, ವಾಪಸು ಬರುವುದೇ ದುಡ್ಡಿಗೆ. ಇದರಲ್ಲಿ ಕೆಲವು ಸತ್ಯವೇ. ಈಚಿನ ಹಾಡುಗಳಲ್ಲಿ ಕತ್ತರಿ ಹಾಕಬೇಕಾದ ಜಾಗ ಬೇಕಾದಷ್ಟಿದೆ. ಹಳೆಯ 'ಹ್ಯಾಲೋಡ್ ಬಿ ದೈ ನೇಮ್' ಕೇಳಿದರೆ ನನಗೂ ಮೈ ಜುಮ್ ಅನ್ನುತ್ತದೆ. ನಾನು ಹಳೆಯದರ ವಿರೋಧಿ ಅಲ್ಲ ಮಾರಾಯ್ರೆ! ನೂರು ಸಲ ನೋಡಿದ ದೇವಿಮಹಾತ್ಮೆಯನ್ನು ನೂರೊಂದನೇ ಸಲ ನೋಡಲು ಹೋಗುವ ಊರಿನವನು ನಾನು.

ನನ್ನ ಸಿಟ್ಟು ಆ 'ಲೆಕ್ಕಕ್ಕಿಲ್ಲ' ಅನ್ನುವ ಮಾತಿನ ಮೇಲೆ. ಲೆಕ್ಕ ಬರೆಯುವವರು ಯಾರು? 1980ರ ದಶಕದಲ್ಲಿ ಇಂಗ್ಲೆಂಡಿನ ಎಲ್‌ಪಿ ತರಿಸಿಕೊಳ್ಳುವ ಮಾವಂದಿರು ಇದ್ದವರು, ಬ್ರಿಗೇಡ್ ರೋಡಿಗೆ ನಡೆದು ಹೋಗುವಷ್ಟು ಹತ್ತಿರ ಮನೆ ಇದ್ದವರು. ಅವರಿಗೆ ಹಾಡು ಹುಟ್ಟಿದ ವರ್ಷವೇ ಸಿಕ್ಕಿತು. ನಮಗೆ ಸಿದ್ದಕಟ್ಟೆಯಲ್ಲಿ ಸಿಕ್ಕಿದ್ದು ಹದಿನೆಂಟು ವರ್ಷ ಕಳೆದು, ದುಬೈಯ ಸಾಬೂನಿನ ಒಟ್ಟಿಗೆ. ನಮ್ಮ ಮಟ್ಟಿಗೆ ಮರಳಿ ಬಂದದ್ದೇ ಮೊದಲ ಬರುವಿಕೆ. 'ನೀನು 2000ದ ನಂತರ ಬಂದವನು' ಅಂತ ಹೇಳುವಾಗ ಅವರು ಸಂಗೀತದ ಬಗ್ಗೆ ಮಾತಾಡುತ್ತಿಲ್ಲ. ನಮ್ಮ ಮನೆಗೆ ಕರೆಂಟು ಯಾವಾಗ ಬಂತು ಅಂತ ನೆನಪಿಸುತ್ತಿದ್ದಾರೆ.

ಮರಳಿ ಬಂದವರದ್ದು ಲೆಕ್ಕಕ್ಕಿಲ್ಲ ಅಂದ್ರೆ ಇನ್ನು ಎಷ್ಟನ್ನು ಎಸೆಯಬೇಕು ನೋಡಿ. ಬಾನ್ ಸ್ಕಾಟ್ ಸತ್ತ ಮೇಲೆ ಎಸಿ/ಡಿಸಿ ಅದೇ 1980ರಲ್ಲಿ ಮಾಡಿದ 'ಬ್ಯಾಕ್ ಇನ್ ಬ್ಲ್ಯಾಕ್' ಎಸೆಯಿರಿ. ಡೀಪ್ ಪರ್ಪಲ್ ಮತ್ತೆ ಒಟ್ಟಾಗಿ 1984ರಲ್ಲಿ ಮಾಡಿದ 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಎಸೆಯಿರಿ. 1999ರ ಸಾಂಟಾನಾ ಎಸೆಯಿರಿ. ಅಷ್ಟು ದೂರ ಯಾಕೆ, ನಮ್ಮ ರಾಜ್‌ಕುಮಾರ್ 1989ರ 'ಪರಶುರಾಮ್' ಆದ ಮೇಲೆ ಮೂರು ವರ್ಷ ತೆರೆಗೆ ಬರಲಿಲ್ಲ. 1992ರಲ್ಲಿ 'ಜೀವನ ಚೈತ್ರ'ದಲ್ಲಿ ವಾಪಸು ಬಂದರು. ಅವರಿಗೆ ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿ ಬಂದದ್ದು ಆ ಚಿತ್ರದ ಹಾಡಿಗೆ. ಅದೂ ಲೆಕ್ಕಕ್ಕಿಲ್ಲವಾ? ಹೇಳುವ ಧೈರ್ಯ ಇದ್ದವರು ಮೆಜೆಸ್ಟಿಕ್ಕಿನಲ್ಲಿ ನಿಂತು ಹೇಳಿ, ನಾನು ದೂರದಿಂದ ನೋಡುತ್ತೇನೆ. ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. 2000, 2012, 2024ರಲ್ಲಿ ಮಹಾಮಸ್ತಕಾಭಿಷೇಕ ಆಯಿತು. 1604ರಲ್ಲಿ ನೋಡಿದವರದ್ದು ಮಾತ್ರ ನಿಜವಾದ ದರ್ಶನ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಈ ರೋಗ ರಾಕಿನವರಿಗೆ ಮಾತ್ರ ಇರುವುದೂ ಅಲ್ಲ. ಅಪ್ಪನ ಪ್ರಾಣವಾಗಿದ್ದ ಬಲಿಪರ ಅಜ್ಜ ಕೂಡ ಅದೇ ಹೆಸರಿನ ದೊಡ್ಡ ಭಾಗವತರು. ನಮ್ಮೂರಿನ ಹಳಬರು ಆಟ ಮುಗಿದು ಗದ್ದೆ ಬದುವಿನಲ್ಲಿ ಬರುವಾಗ 'ಎಷ್ಟಾದರೂ ಅಜ್ಜ ಬಲಿಪರ ಹಾಗೆ ಆಗುವುದಿಲ್ಲ' ಅನ್ನುತ್ತಿದ್ದರು. 2023ರ ಫೆಬ್ರವರಿಯಲ್ಲಿ ಈ ಬಲಿಪರೂ ಹೋದರು. ಈಗ ಇವರ ಹೆಸರು ಹೇಳಿ ಈಗಿನ ಹುಡುಗರನ್ನು ಬೈಯುತ್ತಾರೆ. ಅಪ್ಪ ಆ ಹಳಬರಿಗೆ ಎದುರು ಹೇಳುತ್ತಿದ್ದದ್ದು ಒಂದೇ: 'ನೀವು ಅವರನ್ನು ಕೇಳಿದ್ದೀರಿ, ನಾನು ಇವರನ್ನು ಕೇಳಿದ್ದೇನೆ. ಈಗ ನಡೀರಿ, ಬೆಳಗಾಯ್ತು.'

ದುಡ್ಡಿನ ಮಾತಿಗೂ ಬರುತ್ತೇನೆ. ದುಡ್ಡಿಗಾಗಿ ಬರುವವರಿಗೆ ಸುಲಭದ ದಾರಿ ಯಾವುದು? ಹಳೆಯ ಹಿಟ್ಟು ಹಾಡುಗಳನ್ನೇ ಹಾಡಿ, ಟೀ ಶರ್ಟು ಮಾರಿ, ಮನೆಗೆ ಹೋಗುವುದು. ಇವರು 2000ದಲ್ಲಿ ಹಾಗೆ ಮಾಡಲಿಲ್ಲ. 2006ರಲ್ಲಂತೂ ಹೊಸ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ವೇದಿಕೆಯಲ್ಲಿ ನುಡಿಸಿದರು. ಹಳೆಯದು ಬೇಕು ಅಂತ ಗೊಣಗಿದವರಿದ್ದರು, ಆದರೂ ನುಡಿಸಿದರು. ದುಡ್ಡಿನ ಆಸೆ ಇದ್ದವರು ಮಾಡುವ ಕೆಲಸವಾ ಇದು? ಹಾಗೆ ನೋಡಿದರೆ ಹಳೆಯದನ್ನೇ ಹಾಡುವ ಈ ಐವತ್ತರ ತಿರುಗಾಟವೇ ಹೆಚ್ಚು ವ್ಯಾಪಾರ. ಗೆಳೆಯ ಹೆಬ್ಬೆರಳು ಎತ್ತಿದ್ದು ಅದಕ್ಕೆ!

ಇಷ್ಟೆಲ್ಲ ಬರೆಯುವವನು ಅವರನ್ನು ನೋಡಿದ್ದಾನಾ ಅಂತ ಕೇಳಬಹುದು. ನೋಡಿದ್ದೇನೆ. 2007ರ ಮಾರ್ಚ್ 17, ಬೆಂಗಳೂರಿನ ಅರಮನೆ ಮೈದಾನ. ಅವರು ಭಾರತಕ್ಕೆ ಬಂದದ್ದೇ ಅದು ಮೊದಲು. ನಾನು ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಿದ್ದೆ. ಆಗ ಮಂಗಳೂರು-ಬೆಂಗಳೂರು ಪ್ರಯಾಣಿಕರ ರೈಲು ಇರಲಿಲ್ಲ. ಬಿ.ಸಿ.ರೋಡಿನಲ್ಲಿ ರಾತ್ರಿ ಬಸ್ಸು ಹತ್ತಿ, ಶಿರಾಡಿಯ ಗುಂಡಿಗಳಲ್ಲಿ ಸೊಂಟ ಕಳಕೊಂಡು ಬೆಳಿಗ್ಗೆ ಬಂದು ಇಳಿದೆ. ಸಂಜೆ ಆ ಜನಸಾಗರದಲ್ಲಿ ನಿಂತು ಒಂದೇ ಹಾಡಿಗೆ ಕಾದೆ. ಹಾಡಲಿಲ್ಲ. 2009ರ ಫೆಬ್ರವರಿ 15ಕ್ಕೆ ಮತ್ತೆ ಅಲ್ಲಿಗೇ ಬಂದರು, ಮತ್ತೆ ಹೋದೆ. ಆ ಸಲದ ತಿರುಗಾಟ ಹಳೆಯ ಹಾಡುಗಳದ್ದೇ. ಪಕ್ಕದಲ್ಲಿದ್ದ ಹುಡುಗನೊಬ್ಬ ಸಂತೋಷದಿಂದ ಅಳುತ್ತಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಅವನ ಹಾಡು ಸಿಕ್ಕಿತು, ನನ್ನದು ಸಿಗಲಿಲ್ಲ. ಆದರೂ ಅವನ ಹಾಡು ಲೆಕ್ಕಕ್ಕಿಲ್ಲ ಅಂತ ನನಗೆ ಅನಿಸಲಿಲ್ಲ ನೋಡಿ.

2010ರಲ್ಲಿ ರಾನಿ ಜೇಮ್ಸ್ ಡಿಯೊ ತೀರಿಕೊಂಡಾಗ ಬ್ರೂಸ್ ವೇದಿಕೆಯಲ್ಲಿ ಅವನ ನೆನಪಿಗೆ ಅರ್ಪಿಸಿದ್ದು ಯಾವ ಹಾಡನ್ನು? 1982ರದ್ದನ್ನಲ್ಲ. 'ಬ್ಲಡ್ ಬ್ರದರ್ಸ್' ಅನ್ನು. ಸತ್ತವರಿಗೆ ಹಾಡು ಬೇಕಾದಾಗ ಆ ಬ್ಯಾಂಡೇ ಹುಡುಕಿಕೊಂಡು ಹೋದದ್ದು ಈ 'ಸರಕಿನ' ಹತ್ತಿರ. ಗೆಳೆಯರೇ, ಇದಕ್ಕೆ ಉತ್ತರ ಕೊಡಿ. ಗುಂಪಿನಲ್ಲೇ ಕೊಡಿ, ಹೆಬ್ಬೆರಳು ಬೇಡ.

ಆ ಕ್ಯಾಸೆಟ್ಟು ಈಗಲೂ ನನ್ನ ಹತ್ತಿರ ಇದೆ. ಅವತ್ತು ಮೂಡಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ತೆಗೆಯುವಾಗ ಬಸ್ಸಿನ ಟೇಪ್ ರೆಕಾರ್ಡರ್ ರೀಲನ್ನು ಜಗಿದುಬಿಟ್ಟಿತ್ತು. ಸಿಕ್ಕಿಕೊಂಡದ್ದು ನಾಲ್ಕನೆಯ ಹಾಡಿನ ಜಾಗದಲ್ಲೇ. ಅಪ್ಪ ಟಿಕೆಟ್ ಕಟ್ಟಿನ ಮೇಲೆ ರೀಲು ಹರಡಿ, ಹಾಳಾದ ತುಂಡನ್ನು ಬ್ಲೇಡಿನಲ್ಲಿ ಕತ್ತರಿಸಿ, ಗಮ್ ಟೇಪ್ ಹಚ್ಚಿ ಜೋಡಿಸಿ, ಪೆನ್ಸಿಲಿನಲ್ಲಿ ಸುತ್ತಿ ಕೊಟ್ಟರು. ಎರಡು ಸೆಕೆಂಡು ಹೋಯಿತು. ಈಗ ಫೋನಿನಲ್ಲಿ ಆ ಹಾಡು ಪೂರ್ತಿ ಇದೆ, ಚೊಕ್ಕವಾಗಿದೆ. ಆದರೆ ಆ ಜಾಗ ಬಂದಾಗ ನನ್ನ ಕಾಲು ಈಗಲೂ ತಾಳ ಬಿಟ್ಟು ಎರಡು ಸೆಕೆಂಡು ಮುಂದಕ್ಕೆ ಹಾರುತ್ತದೆ.